ಅಡಿಗೆ ಮೂರು ನೂಲು

೧೯೯೧ರಲ್ಲಿ ನಾನು ಏಳನೇ ಕ್ಲಾಸಿಗೆ ಸಾಲಿ ಬಿಟ್ಟೆ. ಕುರುಗೋಡಿನಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ದೊಡ್ಡಪ್ಪನ ಕೈಕೆಳಗೆ ಸೇರಿದೆ. ಅವನು ಕಲಿಸಿದ ಗಣಿತ ಒಂದೇ: ಇಂಚಿಗೆ ಎಂಟು ನೂಲು. ಒಂದು ನೂಲು ತಪ್ಪಿದರೂ ತಲೆಗೆ ಮೊಟಕುತ್ತಿದ್ದ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನದೇ ಅಂಗಡಿ ಹಾಕಿ ಎಷ್ಟೋ ವರ್ಷದ ಮೇಲೆ, ಪಾರ್ವತಿನಗರದ ಡಾಕ್ಟರೊಬ್ಬರು ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಹಲಗೆಯಲ್ಲಿ ಕೊರೆದ ಜಾಡು, ಅದರ ಎರಡೂ ಬದಿಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ ಕರೆಂಟು. ಆ ಜಾಡು ಹಿಡಿದು ಪುಟ್ಟ ಕಾರುಗಳು ಓಡುತ್ತಿದ್ದವು.

“ಸ್ಲಾಟ್ ಕಾರ್ ಅಂತಾರ. ನಮ್ಮ ಮಾಳಿಗಿ ಮ್ಯಾಲೆ ಇಂಥಾ ಟ್ರ್ಯಾಕ್ ಮಾಡ್ಬೇಕು. ಸ್ಕೇಲು ಒಂದಕ್ಕ ಮೂವತ್ತೆರಡು. ತಿಳೀತೈತೇನು ನಿನಗ?”

“ಅಡಿಗೆ ಮೂರು ನೂಲು, ಸಾರ್” ಅಂದೆ. ಅಂದರೆ ನಿಜವಾದ ಕಾರಿನ ಒಂದು ಅಡಿ ಆಟಿಕೆಯಲ್ಲಿ ಮೂರು ನೂಲು. ಅವರು ಮೊಬೈಲಿನಲ್ಲಿ ಲೆಕ್ಕ ಒತ್ತಿ ನೋಡಿ, ನನ್ನ ಮುಖ ನೋಡಿದರು. ಅದನ್ನು ಮರ್ಯಾದೆ ಅಂದುಕೊಂಡೆ ನಾನು.

ಎರಡು ತಿಂಗಳು ಕೆಲಸ. ಬಿಡುವಾದಾಗೆಲ್ಲ ತೆಲುಗು, ಹಿಂದಿ ವಿಡಿಯೋ ನೋಡಿ ಆ ಕಾರುಗಳ ಕಥೆ ತಿಳಿದುಕೊಂಡೆ. ಮೂವತ್ತೆರಡರದು ಇಂಗ್ಲೆಂಡಿನದು. ಕೀಲಿ ಕೊಟ್ಟರೆ ಓಡುವ ತಗಡಿನ ಕಾರು ಮಾಡುತ್ತಿದ್ದವನೊಬ್ಬ ಅದರೊಳಗೆ ಮೋಟಾರು ಕೂರಿಸಿದ. ಜನ ಮುಗಿಬಿದ್ದರು, ಮಾಡಿ ಪೂರೈಸಲಾಗದೆ ಕಂಪನಿಯನ್ನೇ ದೊಡ್ಡವರಿಗೆ ಮಾರಿದ. ಅಮೆರಿಕದಲ್ಲಿ ದೊಡ್ಡ ಕಾರು ನಡೆದವು, ಒಂದಕ್ಕೆ ಇಪ್ಪತ್ನಾಲ್ಕು, ಅಂದರೆ ಅಡಿಗೆ ನಾಲ್ಕು ನೂಲು. ಊರೂರಿಗೆ ಟ್ರ್ಯಾಕಿನ ಅಂಗಡಿ ಎದ್ದು, ಕೆಲವೇ ವರ್ಷಕ್ಕೆ ಬಾಗಿಲು ಹಾಕಿದವು, ಕಂಪನಿಗಳೂ ಮುಳುಗಿದವು. ಆಟಿಕೆ ರೈಲಿನ ಪಕ್ಕ ಓಡಲಿ ಎಂದು ಇನ್ನೂ ಸಣ್ಣವೂ ಬಂದವು. ಈಗ ಬಹಳಷ್ಟು ಚೀನಾದಲ್ಲಿ ಆಗುತ್ತವೆ, ಮೇಲೆ ಹಳೇ ಹೆಸರು. ಆ ತಗಡಿನ ಕಾರಿನವನ ಕಥೆ ನನ್ನನ್ನು ಬಹಳ ಕಾಡಿತು.

ಟ್ರ್ಯಾಕ್ ಶುರುವಾದ ಭಾನುವಾರ ಏಳೆಂಟು ಮಂದಿ ಬಂದಿದ್ದರು. ಅವರಲ್ಲಿ ಸಿರುಗುಪ್ಪದ ರೈಸ್ ಮಿಲ್ ಸಾಹುಕಾರರೂ ಒಬ್ಬರು. “ಚಲೋ ಓಡಿದ್ರ ನಮ್ಮನ್ಯಾಗೂ ಒಂದು ಮಾಡು” ಅಂದಿದ್ದರು. ಅದೊಂದು ಸಿಕ್ಕರೆ ನಾನು ಬರೀ ಬಾಗಿಲು, ಕಿಟಕಿಯ ಬಡಗಿಯಲ್ಲ, ಟ್ರ್ಯಾಕ್ ಮಾಡುವವ. ಅವರ ಕೆಲಸಕ್ಕೆಂದು ಸಾಮಾನು ಮೊದಲೇ ತಂದಿಟ್ಟಿದ್ದೆ.

ಡಾಕ್ಟರು ಹೊರದೇಶದಿಂದ ತರಿಸಿದ ಎರಡು ಕಾರುಗಳನ್ನು ಬಿಟ್ಟರು. ಮೊದಲ ತಿರುವಿನಲ್ಲೇ ಎರಡೂ ಒಂದಕ್ಕೊಂದು ಬಡಿದು ಕೆಳಗೆ ಬಿದ್ದವು. ಮತ್ತೆ ಬಿಟ್ಟರು, ಮತ್ತೆ ಬಿದ್ದವು.

“ಜಾಡು ಹತ್ರ ಆಗ್ಯಾವ. ಏಳನೇತ್ತ ಓದಿದವಗ ಕೊಟ್ಟದ್ದು ನಂದೇ ತಪ್ಪು” ಅಂದರು. ಎಲ್ಲರೂ ನಕ್ಕರು.

ಆ ಆಟಿಕೆಗಳಲ್ಲೊಂದರ ಮಾಡೆಲ್ಲಿನದೇ ನಿಜವಾದ ಕಾರು ಅವರ ಗೇಟಿನೊಳಗೆ ನಿಂತಿತ್ತು. ಇಳಿದು ಹೋಗಿ ಟೇಪು ಹಿಡಿದೆ. ಹನ್ನೆರಡು ಅಡಿ. ಮೇಲೆ ಬಂದು, ಎಲ್ಲರ ಮುಂದೆ ಆಟಿಕೆಗೆ ಹಿಡಿದೆ. ಆರು ಇಂಚು.

“ಮೂವತ್ತೆರಡರದಾಗಿದ್ರ ನಾಕೂವರಿ ಇಂಚು ಇರ್ಬೇಕಿತ್ತು, ಸಾರ್. ಇದು ಇಪ್ಪತ್ನಾಲ್ಕರದು. ನೀವು ಹೇಳಿದ್ದೊಂದು, ತರಿಸಿದ್ದೊಂದು. ನಾ ಮಾಡಿದ್ದು ಸರಿ ಐತಿ.”

ಈಗ ಯಾರೂ ನಗಲಿಲ್ಲ. ಡಾಕ್ಟರ ಕಿವಿ ಕೆಂಪಾದವು. “ಆಯ್ತಪಾ ಇಂಜಿನಿಯರ್ ಸಾಹೇಬ, ಚಾ ಕುಡಿದು ಹೊಂಡು” ಅಂದರು. ಕುಡಿಯದೆ ಬಂದೆ.

ಮರುವಾರ ಸಿರುಗುಪ್ಪಕ್ಕೆ ಹೋದೆ. ಸಾಹುಕಾರರು ಕೂಡು ಅಂತಲೂ ಅನ್ನಲಿಲ್ಲ.

“ನಿನ್ನ ಕೆಲಸ ಬರೋಬ್ಬರಿ ಐತಲೇ, ಇಲ್ಲ ಅನ್ನಂಗಿಲ್ಲ. ಆದ್ರ ನಾಕು ಮಂದ್ಯಾಗ ಟೇಪ್ ಬಿಚ್ಚಾವನ್ನ ಮನ್ಯಾಗ ಹೆಂಗ ಬಿಟ್ಕೊಳ್ಳಲಿ? ನಾಳೆ ನನ್ನ ಮೀಸೀನೂ ಅಳೀತಿ.”

ಅವರ ಟ್ರ್ಯಾಕನ್ನು ಬೆಂಗಳೂರಿನವರು ಬಂದು ಮಾಡಿದರು. ಡಾಕ್ಟರು ಮೂವತ್ತೆರಡರ ಕಾರು ತರಿಸಿದರಂತೆ. ನನ್ನ ಟ್ರ್ಯಾಕಿನ ಮೇಲೆ ಒಂದಕ್ಕೊಂದು ತಾಕದೆ ಓಡುತ್ತವಂತೆ. ಮಾಡಿದವನು ಯಾರು ಎಂದು ಬಂದವರು ಕೇಳಿದರೆ “ಇಲ್ಲೇ ಯಾರೋ ಬಡಗಿ” ಅನ್ನುತ್ತಾರಂತೆ. ಇವತ್ತು ಅದೇ ಮಾಳಿಗೆಗೆ ಕರೆದರೂ ನಾನು ಟೇಪು ಬಿಚ್ಚುವವನೇ.

ಈಗ ನನ್ನ ಹತ್ತಿರ ಇರುವುದು: ತಾಮ್ರದ ಪಟ್ಟಿ ಎರಡು ಸುರುಳಿ, ಜಾಡು ಕೊರೆಯದ ಹಲಗೆ ಆರು, ನಾನೇ ಸಾಗುವಾನಿಯಲ್ಲಿ ಕೆತ್ತಿದ ನಾಕೂವರೆ ಇಂಚಿನ ಕಾರು ಒಂದು, ಟೇಪು ಒಂದು.