ದೊಮ್‌ನ ಹಾಡಿನೊಳಗಿನ ‘ನಾವು’

ಟಕ್, ಟಕ್, ಟಕ್. ಅಟ್ಟೆಗೆ ಮೊಳೆ ಹೊಡೆಯುವ ಸುತ್ತಿಗೆಗಳು ಒಮ್ಮೆಲೇ ನಿಂತವೆಂದರೆ ದೊಮ್‌ನ ಹಾಡು ಶುರುವಾಯಿತೆಂದೇ ಅರ್ಥ. ಫಿಲಿಪ್ಪೀನ್ಸಿನ ಮರಿಕಿನಾದ ನಮ್ಮ ಚಪ್ಪಲಿ ಕಾರ್ಖಾನೆಯಲ್ಲಿ ಅವನ ರಾಕ್ ಆಲ್ಬಮ್ಮಿಗೆ ಅಷ್ಟು ಮರ್ಯಾದೆ. ಗಿಟಾರುಗಳು ತಗಡು ಹರಿದಂತೆ ಚೀರಿ, ಥಟ್ಟನೆ ಸುಮ್ಮನಾಗಿ, ಅವನ ದನಿಯೊಂದೇ ಉಳಿಯುವ ಜಾಗ ಬಂದಾಗ ಆಲಿಂಗ್ ಪಾಸಿಂಗ್ ದಿನವೂ ಅಳುತ್ತಿದ್ದರು. ನಮ್ಮಲ್ಲೆಲ್ಲ ಹಿರಿಯರು, ಅದಕ್ಕೇ ಎಲ್ಲರ ಬಾಯಲ್ಲೂ ‘ಆಲಿಂಗ್’, ಅಂದರೆ ಅಕ್ಕ; ಅವರ ಗಂಡ ಬಿಟ್ಟುಹೋದದ್ದು ಎಂದೋ.

"ಅಂಟಿನ ಘಾಟು ಕಣ್ರೇ," ಎಂದು ಮೂಗೊರೆಸಿಕೊಳ್ಳುತ್ತಿದ್ದರು.

ಚರ್ಮ ಹೊಲಿಯುವ ಲೂನಿಂಗ್ ಮಾತ್ರ ಅಳುತ್ತಿರಲಿಲ್ಲ. ಆ ಹಾಡುಗಳೆಲ್ಲ ಅವಳನ್ನು ಕುರಿತೇ ಹುಟ್ಟಿದವು. ಕಳೆದ ಮಳೆಗಾಲ ದೊಮ್ ಅವಳನ್ನು ಬಿಟ್ಟುಹೋಗಿದ್ದ, ಹಾಡಿನಲ್ಲಿ ಬಿಟ್ಟಿರಲಿಲ್ಲ. ನಮ್ಮ ತಗಾಲೊಗ್ ಮಾತಿನಲ್ಲಿ ‘ನಾವು’ ಎರಡಿವೆ. ‘ತಾಯೊ’ ಎಂದರೆ ಕೇಳುತ್ತಿರುವ ನೀನೂ ಸೇರಿ ನಾವು. ‘ಕಮಿ’ ಎಂದರೆ ನಿನ್ನನ್ನು ಬಿಟ್ಟು ನಾವು. ದೊಮ್ ಪ್ರತಿ ಹಾಡಿನಲ್ಲೂ ತಾಯೊ ಎಂದೇ ಹಾಡಿದ್ದ. ಅದೊಂದು ಮಾತನ್ನು ನೆಚ್ಚಿಕೊಂಡು ಲೂನಿಂಗ್, ತನ್ನನ್ನು ಕೇಳಿಕೊಂಡು ಬಂದ ಒಳ್ಳೆಯ ಬಡಗಿಯೊಬ್ಬನನ್ನು ವಾಪಸು ಕಳಿಸಿದ್ದಳು.

ಹೊಸ ಹಾಡು ತರುತ್ತೇನೆಂದು ದೊಮ್ ಹೇಳಿಕಳಿಸಿದ ದಿನ ಅವಳ ಯಂತ್ರದ ಸೂಜಿ ಮತ್ತೆ ಮತ್ತೆ ಮುರಿಯಿತು.

"ಏನೇ, ಚರ್ಮ ಹೊಲೀತಿದೀಯೋ, ನಿನ್ ಬೆರಳೋ?" ಎಂದರು ಪಾಸಿಂಗ್.

"ಅವನ್ಯಾಕೆ ಬರ್ತಿದಾನೆ, ಆಲಿಂಗ್? ಫೋನಿಗೆ ಕಳಿಸ್ಬಹುದಿತ್ತಲ್ವಾ?"

"ಮಂಡಿ ಊರೋಕೆ ಇರ್ಬೇಕು. ನೆಲ ಗುಡಿಸಿಡು, ಪಾಪ, ಮೊಳೆ ಚುಚ್ಚೀತು."

ಎಲ್ಲರೂ ನಕ್ಕರು. ಲೂನಿಂಗ್ ನಗಲಿಲ್ಲ, ಆದರೆ ನೆಲ ಗುಡಿಸಿದಳು.

ದೊಮ್ ಬಂದವನು ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು ಫೋನ್ ಮುಂದೆ ಹಿಡಿದ. ಗಿಟಾರು ಚೀರಿತು, ಸುಮ್ಮನಾಯಿತು. ಲೂನಿಂಗ್ ಯಂತ್ರ ನಿಲ್ಲಿಸಿದಳು.

ಕಮಿ, ಎಂದಿತು ಅವನ ದನಿ. ತಪ್ಪಿ ಕೇಳಿಸಿತೇನೋ ಎಂದು ಅವಳು ಕತ್ತು ಮುಂದೆ ಚಾಚಿದಳು. ಕಮಿ, ಎಂದು ಮತ್ತೆ ಹಾಡಿತು.

"ಬಾಯ್ತಪ್ಪಿ ಬಂತಾ?" ಎಂದಳು. "ಅಮೆರಿಕದಲ್ಲಿ ಬೆಳೆದ ನಮ್ಮೋರ ಮಕ್ಕಳು ತಾಯೊ ಅನ್ನೋ ಕಡೆ ಕಮಿ ಅಂದ್ಬಿಡ್ತಾರಲ್ಲ, ಹಾಗೆ?"

"ಇಲ್ಲ ಲೂನಿಂಗ್. ಅದನ್ನ ನಾನೇ ಹೇಳೋಣ ಅಂತ ಬಂದೆ."

ಪಾಸಿಂಗ್ ಸುತ್ತಿಗೆ ಕೆಳಗಿಟ್ಟರು. "ಯಾರೋ ಅವಳು?"

"ನಮ್ಮ ಬ್ಯಾಂಡಲ್ಲಿ ಡ್ರಮ್ ಬಾರಿಸ್ತಾಳಲ್ಲ, ಆಲಿಂಗ್, ಅವಳು. ಆದ್ರೆ ಹಳೇ ಹಾಡುಗಳು ಸುಳ್ಳಲ್ಲ. ಲೂನಿಂಗ್, ಅವನ್ನ ಹಾಡುವಾಗ ಈಗಲೂ ನಂಗೆ..."

ಲೂನಿಂಗ್ ಏಪ್ರನ್ ಬಿಚ್ಚಿ ಯಂತ್ರದ ಮೇಲೆ ಹಾಕಿದಳು.

"ಈಗಲೂ ಏನಪ್ಪಾ?" ಎಂದರು ಪಾಸಿಂಗ್.

ಅವನು ಅದನ್ನು ವಿವರಿಸುತ್ತಲೇ ಇದ್ದ. ಅವಳು ಅವನ ಪಕ್ಕದಿಂದಲೇ ಹಾದು, ಬಿಸಿಲಿಗಿಳಿದು, ನಡೆದುಬಿಟ್ಟಳು.