ಬಂದರಿನ ಲೈಬ್ರರಿಗೆ ಒಂದು ಬೋರ್ಡು

ಗೆಳೆಯರೇ, ಬಂದರಿನ ಶಾಖಾ ಲೈಬ್ರರಿಯ ನಕ್ಷೆಯನ್ನು ಇವತ್ತು ಐದನೆಯ ಸಲ ಅಳಿಸಿ ಬರೆದೆ. ಸಿಕ್ಕಿರುವುದು ಹಳೆಯ ಹಂಚಿನ ಗೋದಾಮಿನ ಒಂದು ಕೋಣೆ. ಇರುವ ಹಣದಲ್ಲಿ ಕಪಾಟು ಮಾಡಿಸಿದರೆ ಕುರ್ಚಿಗಿಲ್ಲ, ಕುರ್ಚಿ ಮಾಡಿಸಿದರೆ ಕಿಟಕಿಗಿಲ್ಲ.

ಬೆಳಿಗ್ಗೆ ಕುರ್ಚಿಗಳ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದೆ. ಹಾಯಿಮಂಜಿ ದೋಣಿಗಳಿಂದ ಮೂಟೆ ಇಳಿಸುವ ಮೋನಪ್ಪ ಬಾಗಿಲಲ್ಲಿ ನಿಂತು ಕೇಳಿದ: "ಇಷ್ಟು ಕುರ್ಚಿ ಎಂತಕ್ಕೆ ಧಣಿ? ನಮ್ಮಲ್ಲಿ ಓದ್ಲಿಕ್ಕೆ ಬರುವುದು ನನಗೊಬ್ಬನಿಗೆ. ನಾನು ಪೇಪರು ಗಟ್ಟಿಯಾಗಿ ಓದ್ತೇನೆ, ಉಳಿದವರು ನಿಂತು ಕೇಳ್ತಾರೆ. ಕಿಟಕಿ ದೊಡ್ಡದು ಮಾಡಿ, ಸಾಕು."

ನ್ಯಾಯವೆನಿಸಿತು. ನಕ್ಷೆಯಲ್ಲಿದ್ದ ಹನ್ನೆರಡು ಕುರ್ಚಿಗಳನ್ನೂ ಹೊಡೆದುಹಾಕಿ, ಬೀದಿಯ ಕಡೆಗೆ ಅಗಲವಾದ ಕಿಟಕಿ, ಅದರ ಹೊರಗೆ ಮಾಡಿನ ಕೆಳಗೊಂದು ಜಗಲಿ ಬರೆದೆ.

ಮಧ್ಯಾಹ್ನ ಲೈಬ್ರರಿ ಸಮಿತಿಯ ಅಧ್ಯಕ್ಷರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲ ಸರಿ ಮಾರಾಯ, 'ಮೌನವಾಗಿರಿ' ಬೋರ್ಡು ಎಲ್ಲುಂಟು? ಅದಿಲ್ಲದಿದ್ದರೆ ಎಂತ ಲೈಬ್ರರಿ?"

ಮೋನಪ್ಪನ ಮಾತನ್ನು ಹೇಳಿ ನೋಡಿದೆ. "ಬೋರ್ಡು ಬೇಕೇ ಬೇಕು," ಎಂದರು. ಇನ್ನು ವಾದ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ನಕ್ಷೆಯಲ್ಲಿ ಆ ಕಿಟಕಿಯ ಮೇಲೆಯೇ ಬೋರ್ಡು ಬರೆದುಕೊಟ್ಟೆ.

ಇನ್ನು ಮೋನಪ್ಪ ದಿನವೂ ಪೇಪರಿಗೆ ಮೊದಲು ಆ ಬೋರ್ಡನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಬೇಕು.