ಹಾರಿ ಹೋಗೋ ಔಷಧ

ಮೊನ್ನಿ ಆಪರೇಷನ್ ಥೇಟರಿನ್ಯಾಗ ಮಂಪರಿನ ಔಷಧದ ಬಾಟ್ಲಿ ಒಂದು ನನ್ನ ಕೈಜಾರಿ ಬಿದ್ದು ಒಡೀತು. ಆ ಸೀ ವಾಸನಿ ಮೂಗಿಗೆ ಬಡೀತೋ ಇಲ್ಲೋ, ನಮ್ಮ ಡಾಕ್ಟ್ರು ನೆನಪಾದ್ರು. ಅವರಿದ್ದಿದ್ರ ಸಂಜೀತನಾ ಬೈತಿದ್ರು...

ರೋಣದ ಈ ಸಣ್ಣ ದವಾಖಾನಿಯೊಳಗ ಮಂಪರು ಕೊಡೋರು ಅವರೊಬ್ರ. ಜನಾ ‘ನಿದ್ದಿ ಡಾಕ್ಟ್ರು’ ಅಂತಿದ್ರು. ನಾನು ಐಸಿಯು ನರ್ಸು. ಅಂಥಾ ಜಿಪುಣರನ್ನ ನಾ ಕಂಡಿಲ್ಲ ಬಿಡ್ರಿ! ಚಹಾ, ಮಿರ್ಚಿ ಎಲ್ಲಾರಿಗೂ ತರಿಸೋರು. ಜಿಪುಣತನ ಎಲ್ಲಾ ಔಷಧದಾಗ. ಉಸಿರಿನ ಪೈಪಿಗೆ ಕೈ ಹಚ್ಚಿದ್ರ ಸಾಕು, “ಸಿಸ್ಟರ್, ಬಿಚ್ಚಬ್ಯಾಡ್ರಿ, ಹಾರಿ ಹೋಗ್ತೈತಿ!” ಅಂತ ಒದರತಿದ್ರು. ನಾವು ಬೆನ್ನ ಹಿಂದ ನಗತಿದ್ವಿ.

ಒಂದು ಮಳಿಗಾಲದಾಗ ಗಜೇಂದ್ರಗಡದಿಂದ ಒಬ್ಬಾಕಿ ಹುಡುಗೀನ ತಂದ್ರು. ಸೀರಿ ನೇಯೋರ ಮನ್ಯಾಕಿ. ಅಸ್ತಮಾ ಜೋರಾಗಿ ಎದಿ ಬಿಗದಿತ್ತು. ಉಸಿರಾಟದ ಯಂತ್ರ ಹಚ್ಚಿದ್ರೂ, ಇಂಜಕ್ಷನ್ ಕೊಟ್ರೂ ಸಡ್ಲಾಗಲಿಲ್ಲ. ಕಡೀಕ ಡಾಕ್ಟ್ರು ಉಸಿರಿನ್ಯಾಗ ಕೊಡೋ ಈ ಮಂಪರಿನ ಔಷಧಾನ ಹಚ್ಚಿದ್ರು. ಆಕಿ ಎದಿ ತುಸು ಬಿಟ್ಟಿತು. ಆದ್ರ ನಮ್ಮಲ್ಲಿ ಇದ್ದದ್ದು ಒಂದ ಬಾಟ್ಲಿ. ಹುಬ್ಬಳ್ಳಿಯಿಂದ ಹೊಂಟ ಔಷಧ ನರಗುಂದದಾಗ ನಿಂತಿತ್ತು, ಯಾವಗಲ್ ಹತ್ರ ಬೆಣ್ಣಿಹಳ್ಳ ರಸ್ತೆ ಮ್ಯಾಲ ಹರೀತಿತ್ತು. ಔಷಧ ತೀರಿದ್ರ ಎದಿ ಮತ್ತ ಬಿಗೀತಿತ್ತು.

ಡಾಕ್ಟ್ರು ಪೈಪಿನ ನಡುವ ಒಂದು ಸಣ್ಣ ಡಬ್ಬಿ ಸಿಗಿಸಿದ್ರು. ಅದರಾಗ ಇದ್ದಿಲಿನ ಪದರ. ಹುಡುಗಿ ಬಿಟ್ಟ ಉಸಿರಿನ್ಯಾಗಿನ ಔಷಧಾನ ಅದು ಹಿಡದಿಟ್ಟು, ಮುಂದಿನ ಉಸಿರಿಗೆ ತಿರುಗಿ ಒಳಗ ಕಳಸತಿತ್ತು. ಚಳಿಗಾಲದಾಗ ಕೌದಿ ಮುಸುಕು ಹಾಕ್ಕೊಂಡ್ರ ನಮ್ಮ ಉಸಿರ ನಮಗ ಬೆಚ್ಚಗ ಮಾಡ್ತೈತಲ್ಲ, ಹಂಗ. ಆದ್ರ ಪೈಪು ಬಿಚ್ಚಿದ್ರ ಎಲ್ಲಾ ಗಾಳಿಪಾಲು.

ಹುಡುಗಿ ತಾಯಿ, ವಯಸ್ಸಾದ ಅಮ್ಮಿ, ಮಗಳು ಉಳೀಲಿ ಅಂತ ದುವಾ ಓದಿ ಆಕಿ ಮ್ಯಾಲ ಊದಾಕ ಬಂದ್ರು. ಬಾಯಾಗಿನ ನಳಿಗಿ ನೋಡಿ, “ಸಾಹೇಬ್ರ, ಇದನ್ನೊಂದು ಗಳಿಗಿ ತಗೀರಿ, ದುವಾ ಒಳಗ ಹೋಗಲಿ” ಅಂತ ತಾವ ಕೈ ಹಾಕಿದ್ರು. ಅಯ್ಯೋ, ನನ್ನ ಜೀವಾನ ಹೋತು! ಈಗ ಒದರತಾರ ಅಂತ ನಾ ನೋಡಿದ್ರ, ಡಾಕ್ಟ್ರು ಆ ಕೈಯನ್ನ ಮೆಲ್ಲಕ ಹಿಡಕೊಂಡ್ರು.

“ಅಮ್ಮಾ, ಅದರಾಗ ಇರೋದು ನಿಮ್ಮ ಮಗಳ ಉಸಿರ ರಿ. ಬಿಚ್ಚಿದ್ರ ಔಷಧ ಹಾರಿ ಹೋಗ್ತೈತಿ. ಹಣಿ ಮ್ಯಾಲ ಊದ್ರಿ. ನಿಮ್ಮ ದುವಾಕ್ಕ ಹಾದಿ ಗೊತ್ತೈತಿ.”

ಅಮ್ಮಿ ಹಣಿ ಮ್ಯಾಲ ಊದಿದ್ರು. ಆಮ್ಯಾಲ ದಿನಾ ಹಂಗ ಊದತಿದ್ರು.

ಹಳ್ಳ ಇಳದು ಟ್ರ್ಯಾಕ್ಟರಿನ್ಯಾಗ ಔಷಧ ಬಂದಾಗ, ನಮ್ಮ ಬಾಟ್ಲಿ ತಳದಾಗ ಇನ್ನೂ ತುಸು ಇತ್ತು. ಡಾಕ್ಟ್ರು ಅದನ್ನ ಬೆಳಕಿಗೆ ಹಿಡದು ಸಣ್ಣ ಹುಡುಗರಂಗ ನಕ್ಕರು. ಹುಡುಗಿ ನಡಕೋತ ಮನಿಗೆ ಹೋದ್ಲು.

ಹ್ವಾದ ವರ್ಷ ಡಾಕ್ಟ್ರು ಎದಿನೋವಂತ ಕುಂತವರು ಏಳಲಿಲ್ಲ... ಸುದ್ದಿ ಗೊತ್ತಿಲ್ಲದ ಅಮ್ಮಿ, ಆಮ್ಯಾಲೊಮ್ಮಿ ಮಗಳ ಜೋಡಿ ಬಂದ್ರು. “ಸಾಹೇಬ್ರ ಹಣಿಗೂ ಒಮ್ಮಿ ಊದೋದೈತಿ, ಎಲ್ಲಿದ್ದಾರ?” ಅಂದ್ರು. ಹ್ಯಾಂಗ ಹೇಳಿದ್ನೋ ಏನೋ. ಗ್ವಾಡಿ ಹಿಡದು ಕುಂತ್ರು. ಆಮ್ಯಾಲ ಎದ್ದು, ತುಟಿ ಅಲುಗಿಸಿ, ನನ್ನ ಹಣಿ ಮ್ಯಾಲ ಊದಿ ಹೋದ್ರು.

ಮೊನ್ನಿ ಒಡದ ಗಾಜು ಬಳದು, ಬಾಗಲಾ ತಗದೆ. ವಾಸನಿ ಹಾರಿ ಹೋತು. ಯಾರೂ ಒದರಲಿಲ್ಲ. ಒಮ್ಮಿ ಅವರ ಕಡೆ ಬೈಸ್ಕೋಬೇಕು ಅನಿಸ್ತು, ಖರೇನ.